ಪುಸ್ತಕ ಬಚ್ಚಿಟ್ಟ ಹುಡುಗ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಉಡುಪಿ ಹತ್ತಿರದ ಮನೆ. ತಂದೆ ದುಬೈಯಲ್ಲಿ, ತಾಯಿಗೆ ಬ್ಯಾಂಕಿನಲ್ಲಿ ಕೆಲಸ. ಮಗನಿಗೆ ನಾಲ್ಕು ವರ್ಷ, ಎಲ್‌ಕೆಜಿ. ಹಗಲು ನೋಡಿಕೊಳ್ಳುವುದು ಅಜ್ಜಿ. ಮನೆಮಾತು ತುಳು.

"ಮೇಡಂ, ಎರಡು ಸಲ ಹಲ್ಲುಜ್ಜಬೇಕು ಅಂತ ಕನ್ನಡದಲ್ಲೂ ಹೇಳ್ತಾನೆ, ಇಂಗ್ಲಿಷಲ್ಲೂ ಹೇಳ್ತಾನೆ. ಬ್ರಷ್ ಕಂಡ್ರೆ ಓಡ್ತಾನೆ" ಎಂದರು, ಸಲಹೆ ಕೇಳಲು ಮಗನ ಜೊತೆ ನನ್ನ ಬಳಿ ಬಂದಿದ್ದ ತಾಯಿ. ಒಳ್ಳೆಯ ಅಭ್ಯಾಸ ಕಲಿಸುವ ಕನ್ನಡ–ಇಂಗ್ಲಿಷ್ ಚಿತ್ರಪುಸ್ತಕಗಳ ಸೆಟ್ ತಂದುಕೊಟ್ಟಿದ್ದರು. ಅದು ಒಂದು ದಿನ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತಂತೆ. ಬಚ್ಚಿಟ್ಟದ್ದು ಮಗನೇ.

ಮನೆಯಲ್ಲಿ ಓದುವ ಹಾಗೆಯೇ ಇಲ್ಲೂ ಓದಿ ಎಂದೆ. ತಾಯಿ ಪುಟ ತೆರೆದರು. "ಇದೇನು? ಇಂಗ್ಲಿಷಲ್ಲಿ ಹೇಳು. ನೋಡು, ಈ ಹುಡುಗ ಎಷ್ಟು ಜಾಣ. ನೀನು ಹೀಗೆ ಮಾಡ್ತೀಯಾ?" ಪುಟದ ಮೂಲೆಯಲ್ಲಿ ಬಕೆಟ್ ಪಕ್ಕ ಒಂದು ಬೆಕ್ಕಿತ್ತು. ಹುಡುಗ ಅದರ ಮೇಲೆ ಬೆರಳಿಟ್ಟ. ಅಷ್ಟರಲ್ಲಿ ಪುಟ ತಿರುಗಿತು.

ಆಮೇಲೆ ನಾನು ಬೆಕ್ಕಿನ ಪುಟಕ್ಕೇ ವಾಪಸ್ ಹೋದೆ. ಬೆಕ್ಕಿನ ಬಗ್ಗೆ ತುಂಬ ಹೊತ್ತು ಮಾತಾಡಿದೆವು. ನಡುವೆ ಕೇಳಿದೆ, ಬ್ರಷ್ ಯಾಕೆ ಬೇಡ? "ಪೇಸ್ಟ್ ಖಾರ" ಎಂದ. ದೊಡ್ಡವರ ಪೇಸ್ಟನ್ನು ಬ್ರಷ್ ತುಂಬ ಹಾಕಿ ಕೊಡುತ್ತಿದ್ದರು. ವಾಷ್‌ಬೇಸಿನ್ ಬೇರೆ ಅವನ ಗಲ್ಲದಷ್ಟು ಎತ್ತರ.

ಅಜ್ಜಿ ಹೇಳಿದ ಇನ್ನೊಂದು ವಿಷಯ ನನಗೆ ಮುಖ್ಯವಾಗಿ ಕಂಡಿತು. ಸಂಜೆ ದೀಪ ಹಚ್ಚುವ ಮೊದಲು ಅಂಗಳದ ನಳ್ಳಿಯಲ್ಲಿ ಕೈಕಾಲು ತೊಳೆಯಲು ಈ ಹುಡುಗ ಒಮ್ಮೆಯೂ ಹಟ ಮಾಡಿಲ್ಲ. ಅದನ್ನು ಯಾವ ಪುಸ್ತಕವೂ ಕಲಿಸಿಲ್ಲ. ಅಜ್ಜಿ ತೊಳೆಯುತ್ತಾರೆ, ಜೊತೆಗೆ ಇವನೂ ತೊಳೆಯುತ್ತಾನೆ, ಅಷ್ಟೇ. ಪುಸ್ತಕ ಮಾತ್ರ ಇವನ ಪಾಲಿಗೆ ಪರೀಕ್ಷೆ ಆಗಿತ್ತು. ಅದೂ ಎರಡೆರಡು ಭಾಷೆಯಲ್ಲಿ!

ನಾನು ಹೇಳಿದ್ದು ಇಷ್ಟು. ಹಲ್ಲುಜ್ಜುವ ಹೊತ್ತಿಗೆ ಪುಸ್ತಕ ತೆಗೆಯಲೇಬೇಡಿ. ಮಕ್ಕಳ ಪೇಸ್ಟ್ ತನ್ನಿ; ಈ ವಯಸ್ಸಿಗೆ ಬಟಾಣಿ ಕಾಳಿನಷ್ಟು ಸಾಕು. ನಿಲ್ಲಲು ಒಂದು ಸ್ಟೂಲ್ ಇಡಿ. ನೀವೂ ಪಕ್ಕದಲ್ಲಿ ನಿಂತು ಉಜ್ಜಿ. ಕೊನೆಯಲ್ಲಿ ಒಂದು ಸುತ್ತು ನೀವೇ ಉಜ್ಜಿಕೊಡಿ, ಏಳೆಂಟು ವರ್ಷದವರೆಗೂ ಮಕ್ಕಳಿಗೆ ಆ ಸಹಾಯ ಬೇಕು.

ಪುಸ್ತಕ ರಾತ್ರಿ ಮಲಗುವಾಗ ಇರಲಿ. ಕನ್ನಡದ ಸಾಲು ಅಜ್ಜಿ ಓದಲಿ, ನಡುವೆ ಎಷ್ಟು ಬೇಕಾದರೂ ತುಳು ಬರಲಿ. ಇಂಗ್ಲಿಷ್ ನೀವು ಇನ್ನೊಂದು ದಿನ ಓದಿ. ಭಾಷೆ ಕಲಸಿ ಮಾತಾಡ್ತಾನೆ ಅನ್ನುವ ಹೆದರಿಕೆ ಬೇಡ, ಎರಡು ಮೂರು ಭಾಷೆ ಕೇಳಿ ಬೆಳೆಯುವ ಮಕ್ಕಳು ಹಾಗೆ ಮಾತಾಡುವುದು ಸಹಜ. ಅವನು ಬೆಕ್ಕು ತೋರಿಸಿದರೆ ಬೆಕ್ಕಿನ ಕಥೆಯೇ ನಡೆಯಲಿ. ಸುಮ್ನೆ ಓದಿ ಹೇಳುವ ಬದಲು ಮಗುವನ್ನೇ ಮಾತಾಡಿಸುತ್ತಾ ಓದಿದರೆ ಮಾತು ಚೆನ್ನಾಗಿ ಬೆಳೆಯುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲೇ ತೋರಿಸಿದ್ದಾರೆ.

ಬರೀ ಅಭ್ಯಾಸದ ಪುಸ್ತಕವೇ ಆದರೆ ಯಾವ ಮಗುವಿಗಾದರೂ ಬೇಜಾರಾಗುತ್ತೆ, ಅಲ್ವಾ? ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ನಗಿಸುವಂಥವೂ ಇವೆ.

ತಿಂಗಳ ಮೇಲೆ ತಾಯಿ ಮತ್ತೆ ಬಂದರು. ರಾತ್ರಿ ಸ್ಟೂಲ್ ತಾನೇ ಎಳೆದುಕೊಂಡು ನಿಲ್ಲುತ್ತಾನಂತೆ. ಬೆಳಗ್ಗಿನ ರಗಳೆ ಇನ್ನೂ ಇದೆ. ಸ್ಕೂಲ್ ವ್ಯಾನ್ ಬರುವ ಹೊತ್ತಿನ ಗಡಿಬಿಡಿ ಜಾಸ್ತಿ, ಹದಿನೈದು ನಿಮಿಷ ಬೇಗ ಎಬ್ಬಿಸಿ ನೋಡಿ ಎಂದಿದ್ದೇನೆ. ಉಗುರು ಕತ್ತರಿಸುವ ಪಾಠ ಈಗಲೇ ಬೇಡ ಎಂದೂ ಹೇಳಿದ್ದೇನೆ.