ಹೈಟೆನ್ಷನ್ ಲೈನ್ ಕೆಳಗೆ ಎಟಿವಿ ಓಡಿಸಬಹುದಾ?

ನ್ಯೂಯಾರ್ಕ್ ರಾಜ್ಯದಲ್ಲಿ ಕರೆಂಟ್ ಲೈನ್ ಕೆಳಗಿನ ಖಾಲಿ ಪಟ್ಟಿಯಲ್ಲಿ ಎಟಿವಿ (ಕಚ್ಚಾ ದಾರಿಯಲ್ಲಿ ಓಡಿಸುವ, ದಪ್ಪ ಚಕ್ರದ ಚಿಕ್ಕ ಗಾಡಿ) ಓಡಿಸಿದರೆ ತಪ್ಪಾ ಎಂದು ಕೇಳಿದ್ದೀರಿ. ಒಪ್ಪಿಗೆ ಇಲ್ಲದಿದ್ದರೆ ತಪ್ಪೇ. ಅಲ್ಲಿನ ವಾಹನ ಮತ್ತು ಸಂಚಾರ ಕಾನೂನಿನ 2403ನೇ ಸೆಕ್ಷನ್ ಪ್ರಕಾರ, ಖಾಸಗಿ ಜಾಗದಲ್ಲಿ ಎಟಿವಿ ಓಡಿಸಲು ಮಾಲೀಕರ ಅಥವಾ ಲೀಸ್‌ಗೆ ಪಡೆದವರ ಒಪ್ಪಿಗೆ ಬೇಕು. ಬೇಲಿ ಇಲ್ಲ, ಬೇರೆಯವರೂ ಓಡಿಸ್ತಾರೆ ಎನ್ನುವುದೆಲ್ಲ ಸುಮ್ನೆ ನೆಪ.

ಆದರೆ ಮಾಲೀಕರು ಯಾರು? ಜಾಸ್ತಿ ಜನ ಎಡವುವುದು ಇಲ್ಲೇ. ಕೆಲವು ಕಡೆ ಜಾಗ ವಿದ್ಯುತ್ ಕಂಪನಿಯದ್ದೇ. ಎಷ್ಟೋ ಕಡೆ ಕಂಪನಿಗೆ ಇರುವುದು ಲೈನ್ ಎಳೆಯುವ, ಮರ ಕಡಿಯುವ ಹಕ್ಕು ಮಾತ್ರ. ನೆಲ ರೈತರದ್ದೋ ಮನೆಯವರದ್ದೋ ಆಗಿರುತ್ತದೆ. ಅಂಥ ಕಡೆ ಕಂಪನಿ ಹೂಂ ಎಂದರೂ ಸಾಲದು, ನೆಲದ ಮಾಲೀಕರನ್ನೇ ಕೇಳಬೇಕು. ಒಂದೇ ಲೈನ್ ಹತ್ತಾರು ಜನರ ಜಮೀನು ದಾಟಿ ಹೋಗುತ್ತದೆ, ಹಾಗಾಗಿ ಒಬ್ಬರ ಒಪ್ಪಿಗೆ ಅವರ ಗಡಿವರೆಗೆ ಅಷ್ಟೇ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕ್ಲರ್ಕ್ ಕಚೇರಿಯ ದಾಖಲೆಯಲ್ಲಿ ಯಾರ ಜಾಗ ಎಂದು ಸಿಗುತ್ತದೆ. ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ.

ಗಾಡಿಗೆ ರಿಜಿಸ್ಟ್ರೇಷನ್ ಬೇಕು. ಸ್ವಂತ ಜಾಗ ಬಿಟ್ಟು ಹೊರಗೆ ಓಡಿಸುವುದಾದರೆ ಇನ್ಶೂರೆನ್ಸ್ ಕೂಡ.

ಕಾನೂನು ಒಂದು ಕಡೆ ಇರಲಿ, ಕಂಬ ಬೀಳದಂತೆ ಓರೆಯಾಗಿ ಬಿಗಿದಿರುವ ತಂತಿ ಹುಲ್ಲಿನ ನಡುವೆ ಕಾಣಿಸುವುದೇ ಇಲ್ಲ. ನನಗೆ ಅದೇ ಜಾಸ್ತಿ ಭಯ.

ಅಂದಹಾಗೆ, ಕರ್ನಾಟಕದಲ್ಲೂ ಟವರ್ ಲೈನ್ ಹೋದ ಹೊಲ ಸಾಮಾನ್ಯವಾಗಿ ರೈತರ ಪಹಣಿಯಲ್ಲೇ ಉಳಿದಿರುತ್ತದೆ.