ವ್ಯಾಪಾರ ಇಲ್ಲ ಅಂತ ಧಣಿ ಸಂಬಳ ಕಡಿಮೆ ಮಾಡಬಹುದಾ?

ನಮ್ಮ ಕಾಸರಗೋಡು ಜಿಲ್ಲೆಯ ಉಪ್ಪಳದ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ನಿಮಗೆ 14,000 ಇದ್ದ ಸಂಬಳ ಈ ತಿಂಗಳಿಂದ 11,000 ಅಂತ ಧಣಿ ಬಾಯಲ್ಲೇ ಹೇಳಿದ್ದಾರೆ, ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ಹಾಗೆ ಏಕಾಏಕಿ ಮಾಡುವಂತಿಲ್ಲ.

ದುಡಿದು ಮುಗಿಸಿದ ದಿನಗಳ ಸಂಬಳವನ್ನಂತೂ ಮುಟ್ಟುವ ಹಾಗೇ ಇಲ್ಲ. ಮುಂದಕ್ಕೆ ಇಳಿಸಬೇಕಿದ್ದರೂ 21 ದಿನ ಮೊದಲು ನೋಟಿಸ್ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 9ಎ ಸೆಕ್ಷನ್‌ನಲ್ಲಿ ಇದಿತ್ತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ 40ನೇ ಸೆಕ್ಷನ್ ಆಗಿ ಉಂಟು. ಕೈಗಾರಿಕೆ ಅಂತ ಹೆಸರಿದೆ, ಹಾಗಾಗಿ ಫ್ಯಾಕ್ಟರಿಯವರಿಗೆ ಮಾತ್ರ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಬಿಲ್ ಬರೆಯುವವರಿಗೂ ಅದು ಸೇರುತ್ತದೆ. ನೋಟಿಸ್ ಕೊಟ್ಟರೂ, ನೀವೇ ಒಪ್ಪಿದರೂ, ಕೇರಳ ಸರ್ಕಾರ ಅಂಗಡಿ ಕೆಲಸಕ್ಕೆ ಗೊತ್ತು ಮಾಡಿದ ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಸುವ ಹಾಗಿಲ್ಲ. ಅದನ್ನು ನೋಡುವಾಗ ಮೂಲ ವೇತನಕ್ಕೆ ತುಟ್ಟಿಭತ್ತೆಯನ್ನೂ ಕೂಡಿಸಿ ನೋಡಿ. ರಜೆ ಹಾಕಿದ್ದಕ್ಕೆ, ಅಡ್ವಾನ್ಸ್ ತಗೊಂಡಿದ್ದಕ್ಕೆ ಹಿಡಿಯುವುದು ಬೇರೆ ಲೆಕ್ಕ.

ನಾನು ಕುಂಬಳೆಯ ಒಂದು ಅಂಗಡಿಯಲ್ಲಿದ್ದಾಗ ನನಗೂ ಹೀಗೇ ಆಯ್ತು. ತಿಂಗಳಿಗೆ 2,000 ಕಡಿಮೆ ಮಾಡಿದರು. ವೋಚರ್‌ನಲ್ಲಿ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಮುಂದಿಡುತ್ತಿದ್ದರು, ಮೊತ್ತ ಬರೆಯುವ ಜಾಗ ಖಾಲಿ. ಮನೆಯಲ್ಲಿ ಅಮ್ಮನ ಮದ್ದಿಗೆ ದುಡ್ಡು ಬೇಕಿತ್ತು, ಸುಮ್ನೆ ಸಹಿ ಹಾಕುತ್ತಿದ್ದೆ. ಮೂರು ತಿಂಗಳು ಕಳೆದು ಲೇಬರ್ ಆಫೀಸಿಗೆ ಹೋದಾಗ, ಆ ಮೂರೂ ವೋಚರ್‌ಗಳಲ್ಲಿ ಹಳೆಯ ಸಂಬಳವೇ ತುಂಬಿತ್ತು. ಸಹಿ ನನ್ನದೇ ಅಲ್ವಾ, ಏನು ಹೇಳುವುದು? ಮಾತುಕತೆಯ ನಂತರ ಮುಂದಿನ ತಿಂಗಳಿಂದ ಹಳೆ ಸಂಬಳ ಬಂತು, ಆ 6,000 ಮಾತ್ರ ಬರಲೇ ಇಲ್ಲ. ಇವತ್ತಿಗೂ ಅದು ನನಗೆ ನೋವೇ.

ಹಾಗಾಗಿ ಖಾಲಿ ವೋಚರ್‌ಗೆ ಸಹಿ ಹಾಕಲೇಬೇಡಿ. ಕೈಗೆ ಎಷ್ಟು ಬಂತೋ ಅಷ್ಟನ್ನು ನೀವೇ ಬರೆದು, 'ಬಾಕಿ ಬರಬೇಕು' ಅಂತ ಸೇರಿಸಿ ಸಹಿ ಮಾಡಿ. ಸಂಬಳ ಇಳಿಸಿದ್ದಕ್ಕೆ ಒಪ್ಪಿಗೆ ಇಲ್ಲ ಅಂತ ಧಣಿಗೆ ಇವತ್ತೇ ಒಂದು ವಾಟ್ಸಾಪ್ ಮೆಸೇಜ್ ಕಳಿಸಿ, ಮರ್ಯಾದೆಯಿಂದಲೇ ಬರೆಯಿರಿ. ತಿಂಗಳುಗಟ್ಟಲೆ ಮಾತಾಡದೆ ತಗೊಂಡರೆ ಒಪ್ಪಿದ ಹಾಗೆ ಅಂತ ಅವರು ವಾದ ಮಾಡುತ್ತಾರೆ. ಹಳೆಯ ಬ್ಯಾಂಕ್ ಪಾಸ್‌ಬುಕ್ ಪುಟಗಳ ಜೆರಾಕ್ಸ್ ಇಟ್ಟುಕೊಳ್ಳಿ.

ಅದಕ್ಕೂ ಬಗ್ಗದಿದ್ದರೆ ಲೇಬರ್ ಆಫೀಸಿಗೆ ಅರ್ಜಿ ಕೊಡಿ. ಮಲಯಾಳ ಬರೆಯಲು ಬರುವುದಿಲ್ಲ ಅಂತ ಹಿಂಜರಿಯಬೇಡಿ, ನಮ್ಮಲ್ಲಿ ಎಷ್ಟೋ ಜನ ಅಲ್ಲೇ ನಿಂತುಬಿಡುತ್ತಾರೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಪ್ರಕಾರ ನಮ್ಮ ಕಡೆಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಎರಡು ಪ್ರತಿ ತಗೊಂಡು ಹೋಗಿ, ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ.