ಇಂಗ್ಲಿಷ್ ಬಂದರೆ ಸಂಪಾದನೆ ಹೆಚ್ಚುತ್ತದೆಯೇ?

ಮಗನನ್ನು ಐದನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಮುಂದೆ ಸಂಪಾದನೆ ಹೆಚ್ಚುತ್ತದೆಯೇ, ಅದಕ್ಕಾಗಿ ಸಾಲ ಮಾಡಬಹುದೇ ಎಂದು ಮುಳಬಾಗಿಲಿನಿಂದ ಕೇಳಿದ್ದೀರಿ. ನಾನು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಇಲ್ಲಿ 15 ಕಿಲೋ ಬಾಕ್ಸಿನ ಹರಾಜು ನಡೆಯುವುದು ಕನ್ನಡ, ತೆಲುಗಿನಲ್ಲಿ. ಉತ್ತರದ ವ್ಯಾಪಾರಿ ಬಂದರೆ ಹರಕುಮುರುಕು ಹಿಂದಿ. ಇಂಗ್ಲಿಷ್ ಬಂದಿದ್ದಕ್ಕೆ ಯಾವ ರೈತನಿಗೂ ಬಾಕ್ಸಿಗೆ ಐದು ರೂಪಾಯಿ ಹೆಚ್ಚು ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಮಂಡಿಯ ಗೇಟು ದಾಟಿದರೆ ಮಾತು ಬೇರೆ. ನನ್ನ ಅಕ್ಕನ ಇಬ್ಬರು ಮಕ್ಕಳು ನರಸಾಪುರದ ಕಾರ್ಖಾನೆಯೊಂದಕ್ಕೆ ಒಂದೇ ವರ್ಷ ಸೇರಿದರು. ದೊಡ್ಡವನ ಕೈ ಬಹಳ ಚುರುಕು, ಇಂದಿಗೂ ಯಂತ್ರದ ಮುಂದೆಯೇ ನಿಂತಿದ್ದಾನೆ. ಚಿಕ್ಕವನು ಡಿಪ್ಲೊಮಾ ಓದಿದವನು. ಹೊರದೇಶದವರು ಬಂದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ವರದಿ ಬರೆಯುತ್ತಾನೆ. ಈಗ ಅಣ್ಣನ ಪಾಳಿಗೆ ಅವನೇ ಮೇಲ್ವಿಚಾರಕ. ಹಬ್ಬದ ಊಟಕ್ಕೆ ಒಂದೇ ಸಾಲಿನಲ್ಲಿ ಕುಳಿತಾಗ ಆ ವಿಷಯವನ್ನು ಯಾರೂ ಎತ್ತುವುದಿಲ್ಲ.

ಇದರಲ್ಲಿ ಇಂಗ್ಲಿಷಿನ ಪಾಲೆಷ್ಟು, ಡಿಪ್ಲೊಮಾದ ಪಾಲೆಷ್ಟು? ಆಜಂ, ಚಿನ್, ಪ್ರಕಾಶ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಭಾರತದ ಬಗ್ಗೆ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಸರಾಗವಾಗಿ ಮಾತನಾಡುವ ಗಂಡಸರ ಗಂಟೆಯ ಕೂಲಿ, ಅದು ಬಾರದವರಿಗಿಂತ ಸರಾಸರಿ ಶೇ 34ರಷ್ಟು ಹೆಚ್ಚು. ಅಲ್ಪಸ್ವಲ್ಪ ಬಲ್ಲವರದು ಶೇ 13ರಷ್ಟು. ಖಾಸಗಿ ಶಾಲೆಗಳ ಜಾಹೀರಾತಿಗೆ ಹೇಳಿ ಮಾಡಿಸಿದ ಅಂಕಿ! ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ: ಕಿರಿಯ ವಯಸ್ಸಿನವರಲ್ಲಿ ಈ ಲಾಭ ಸಿಕ್ಕಿದ್ದು ಹೆಚ್ಚು ಓದಿದವರಿಗೆ ಮಾತ್ರ. ಓದು ಅರ್ಧಕ್ಕೆ ನಿಂತವನ ಇಂಗ್ಲಿಷಿಗೆ ಸಂತೆಯಲ್ಲಿ ಗಿರಾಕಿಯಿಲ್ಲ.

ಕಲಿಯುವ ಖರ್ಚೆಲ್ಲ ನಮ್ಮ ತಲೆಯ ಮೇಲೆ ಎಂಬುದನ್ನೂ ಮರೆಯಬೇಡಿ. ಇಂಗ್ಲಿಷಿನ ಮೇಲುಗೈಯಿಂದ ಬ್ರಿಟನ್ನಿಗೆ ವರ್ಷಕ್ಕೆ ಕನಿಷ್ಠ 1,000 ಕೋಟಿ ಯೂರೊ ಲಾಭವಿದೆ ಎಂದು ಸ್ವಿಸ್ ಅರ್ಥಶಾಸ್ತ್ರಜ್ಞ ಫ್ರಾಂಸ್ವಾ ಗ್ರಿನ್ 2005ರಲ್ಲಿ ಅಂದಾಜು ಮಾಡಿದ್ದರು. ಮಂಡಿಯ ಭಾಷೆಯಲ್ಲಿ ಹೇಳುವುದಾದರೆ ಇದು ಕಮಿಷನ್. ಬೆಳೆ ಯಾರದೇ ಆಗಲಿ, ಅದು ಅವರಿಗೆ ಸಂದಾಯ.

ಆದ್ದರಿಂದ ಸಾಲ ಬೇಡ. ಗಣಿತ, ವಿಜ್ಞಾನ ಕನ್ನಡದಲ್ಲಿ ಅವನ ತಲೆಗೆ ಹತ್ತುತ್ತಿದ್ದರೆ ಶಾಲೆ ಬದಲಿಸದೆ, ಇಂಗ್ಲಿಷಿಗೆ ಮಾತ್ರ ಸಂಜೆ ಒಬ್ಬ ಒಳ್ಳೆಯ ಮೇಷ್ಟ್ರನ್ನು ಹುಡುಕಿ. ಒಂದನೇ ತರಗತಿಗೆ ಹೋಗಬೇಕಾದ ಮಗಳೂ ಇದ್ದಾಳೆ ಎಂದಿದ್ದೀರಿ. 2019ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭವಾಯಿತು. ಅಂಥದ್ದು ನಿಮ್ಮ ಹತ್ತಿರದಲ್ಲಿದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ವಿಚಾರಿಸಿ.